‘ಅಯ್ಯೋ’ ಅಂದಮೇಲೆ ಬರುವ ಮಾತು

ಅಪ್ಪ ಹೋಗಿ ಇವತ್ತಿಗೆ 16 ದಿನ. ಅಪ್ಪನ ಬಗ್ಗೆ ಬರೆಯುವ ಶಕ್ತಿ ನನಗೆ ಇನ್ನೂ ಬಂದಿಲ್ಲ. ಅಂಗಡಿಯ ಬಗ್ಗೆ ಬರೆಯುತ್ತೇನೆ. ಎದೆಯಲ್ಲಿ ಕೂತಿರುವುದನ್ನು ಎಲ್ಲಾದರೂ ಇಳಿಸಲೇಬೇಕು.

ಅರಸೀಕೆರೆಯಲ್ಲಿ ನಮ್ಮದೊಂದು ದಿನಸಿ ಅಂಗಡಿ. 1991ರಲ್ಲಿ ಅಪ್ಪ ಶುರು ಮಾಡಿದ್ದು. ಮುಂದೆ ಅಂಗಡಿ, ಹಿಂದೆ ಮನೆ. ನಡುವೆ ಒಂದು ಬಾಗಿಲು, ಅದಕ್ಕೊಂದು ಹಳೆಯ ಸೀರೆಯ ಪರದೆ. ನಾನು, ತಮ್ಮ ಇಬ್ಬರೂ ಆ ಪರದೆಯ ಈಚೆಗೆ ಕೂತು ಓದಿದವರು. ಅಂಗಡಿಗೆ ಯಾರು ಬಂದರು, ಏನು ಕೇಳಿದರು, ಎಷ್ಟು ಬರೆಸಿದರು, ಎಲ್ಲ ನಮಗೆ ಕೇಳಿಸುತ್ತಿತ್ತು. ಊಟಕ್ಕೆ ಕೂತ ಅಪ್ಪ ಅರ್ಧಕ್ಕೆ ಎದ್ದು ಹೋಗಿ ಅರ್ಧ ಕೆಜಿ ರವೆ ಕಟ್ಟಿಕೊಟ್ಟು, ಕೈ ತೊಳೆದುಕೊಂಡು ಬಂದು ಮತ್ತೆ ಊಟ ಮುಂದುವರಿಸುತ್ತಿದ್ದರು. ಅದು ನಮಗೆ ವಿಶೇಷ ಅನ್ನಿಸಿರಲೇ ಇಲ್ಲ. ಎಲ್ಲರ ಅಪ್ಪಂದಿರೂ ಹೀಗೇ ಊಟ ಮಾಡುತ್ತಾರೆ ಅಂದುಕೊಂಡಿದ್ದೆವು.

ಅವತ್ತು ರಾತ್ರಿ ಎರಡೂವರೆ ಹೊತ್ತಿಗೆ ಎದೆನೋವು ಅಂದರಂತೆ. ಹಾಸನಕ್ಕೆ 40 ಕಿಲೋಮೀಟರ್‌ಗೂ ಜಾಸ್ತಿ. ದಾರಿಯಲ್ಲೇ ಹೋದರು. ಬೆಂಗಳೂರಿನಿಂದ ನಾನು ಬರುವಷ್ಟರಲ್ಲಿ ಅಪ್ಪನನ್ನು ವಾಪಸ್ ತಂದು ಪಡಸಾಲೆಯಲ್ಲಿ ಮಲಗಿಸಿದ್ದರು.

ಹಾಲಿನ ಗಾಡಿಗೆ ಇದೆಲ್ಲ ಗೊತ್ತಿಲ್ಲ. ಹಿಂದಿನ ದಿನ ಹೇಳಿದ ಲೆಕ್ಕಕ್ಕೆ ಬೆಳಗಿನ ಜಾವ ನಂದಿನಿ ಕ್ರೇಟ್‌ಗಳನ್ನು ಶಟರ್ ಮುಂದೆ ಇಳಿಸಿ ಹೋಗಿತ್ತು. ಗಾಡಿಯವರದ್ದು ಏನೂ ತಪ್ಪಿಲ್ಲ. ಅದೇ ಅವರ ಕೆಲಸ. ಆದರೆ ನಾನು ಬಂದು ಅಪ್ಪನ ಕಾಲ ಬಳಿ ಕೂತು ಹತ್ತು ನಿಮಿಷ ಆಗಿರಲಿಲ್ಲ, ಪರದೆಯ ಆಚೆ ಕತ್ತಲಲ್ಲಿದ್ದ ಅಂಗಡಿಯಿಂದ ಜೋರಾಗಿ ಒಂದು ದನಿ ಬಂತು. 48 ರೂಪಾಯಿ ಬಂದಿದೆ, ಅಂತ. ದುಡ್ಡು ಬಂದರೆ ಕೂಗಿ ಹೇಳುವ ಡಬ್ಬಿ ಅದು. ಆಫ್ ಮಾಡುವುದು ಯಾರಿಗೂ ನೆನಪಾಗಿರಲಿಲ್ಲ. ಯಾರೋ ಕ್ರೇಟ್‌ನಿಂದ ಎರಡು ಪ್ಯಾಕೆಟ್ ಹಾಲು ತೆಗೆದುಕೊಂಡು, ಗೋಡೆಯ ಮೇಲಿನ ಕ್ಯೂಆರ್‌ಗೆ ದುಡ್ಡು ಹಾಕಿ ಹೋಗಿದ್ದರು. ಸ್ವಲ್ಪ ಹೊತ್ತಿಗೆ ಮತ್ತೆ 24 ರೂಪಾಯಿ. ಮತ್ತೆ 48. ಒಂದೊಂದು ಸಲ ಅದು ಕೂಗಿದಾಗಲೂ ಅಮ್ಮ ತಲೆ ಎತ್ತಿ ಪರದೆಯ ಕಡೆ ನೋಡುತ್ತಿದ್ದರು. ತಮ್ಮ ಎದ್ದು ಹೋಗಿ ಅದರ ವೈರ್ ಕಿತ್ತ.

ಆ ದುಡ್ಡು ಹಾಕಿದವರ ಮೇಲೆ ನನಗೆ ಕೋಪ ಇಲ್ಲ. ಕದ್ದುಕೊಂಡು ಹೋಗಲಿಲ್ಲ, ಲೆಕ್ಕವಾಗಿ ಹಾಕಿದ್ದಾರೆ. ಇನ್ನೂ ಬೆಳಕು ಹರಿದಿರಲಿಲ್ಲ, ಅವರಿಗೆ ಗೊತ್ತಿರಲಿಕ್ಕಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗೊತ್ತಿಲ್ಲದೆ ಮಾಡಿದವರ ಬಗ್ಗೆ ನಾನು ಬರೆಯುತ್ತಿಲ್ಲ. ಗೊತ್ತಾದಮೇಲೆ ಮಾಡಿದವರ ಬಗ್ಗೆ ಬರೆಯುತ್ತಿದ್ದೇನೆ.

ಒಂಬತ್ತು ಗಂಟೆಗೆ ಶಾಮಿಯಾನ ಹಾಕಿದರು. ಅಂಗಡಿ ಮುಂದೆ ಬಿಟ್ಟರೆ ನಮಗೆ ಬೇರೆ ಜಾಗ ಇಲ್ಲ. ಹಾಗಾಗಿ ಅಪ್ಪನನ್ನು ತಂದು ಮಲಗಿಸಿದ್ದು ಅಂಗಡಿಯ ಶಟರ್ ಮುಂದೆಯೇ. ಪಕ್ಕದಲ್ಲಿ ಬೆಂಕಿ ಹಾಕಿದ್ದರು. ನೂರಾರು ಜನ ಬಂದರು. ಬಟ್ಟೆ ಅಂಗಡಿಯ ಒಂದು ರಟ್ಟಿನ ಪೆಟ್ಟಿಗೆ ಹರಿದು, ತಮ್ಮ ಅದರ ಮೇಲೆ ಮಾರ್ಕರ್‌ನಲ್ಲಿ ಬರೆದು ಶಟರ್‌ಗೆ ಅಂಟಿಸಿದ: ನಮ್ಮ ತಂದೆಯವರು ತೀರಿಕೊಂಡಿರುವುದರಿಂದ 11 ದಿನ ಅಂಗಡಿ ಇರುವುದಿಲ್ಲ.

ಹನ್ನೊಂದು ಗಂಟೆ ಹೊತ್ತಿಗೆ ಕರ್ಪೂರ, ಊದುಬತ್ತಿ ಸಾಲದಾಯಿತು. ಯಾರೋ ಪೇಟೆಗೆ ಓಡಲು ಹೊರಟರು. ಅಮ್ಮ, ‘ಅಂಗಡೀಲೇ ಇದೆ, ಗಣಪತಿ ಫೋಟೋ ಕೆಳಗಿನ ಗೂಡಲ್ಲಿ’ ಅಂದರು. ಮನೆ ಕಡೆಯ ಬಾಗಿಲಿಗೆ ಬಂದವರ ಸಾಮಾನು, ಕುರ್ಚಿ ಎಲ್ಲ ಅಡ್ಡ ಇತ್ತು. ಹಾಗಾಗಿ ತಮ್ಮ ಶಟರ್ ಕಡೆಯಿಂದ ಹೋದ. ಪೂರ್ತಿ ಎತ್ತಲಿಲ್ಲ. ಎರಡೂವರೆ ಅಡಿ ಎತ್ತಿ, ಬಗ್ಗಿ ಒಳಗೆ ಹೋದ. ಅಪ್ಪನಿಗೆ ಅಪ್ಪನ ಅಂಗಡಿಯಿಂದಲೇ ಕರ್ಪೂರ ತರಲು.

ಆ ಶಟರ್ ಶಬ್ದ ಆ ಬೀದಿಗೆ ಎಷ್ಟು ಚೆನ್ನಾಗಿ ಗೊತ್ತು ಅಂತ ನನಗೆ ಅರ್ಥವಾಗಿದ್ದು ಆಗ. ತಮ್ಮ ಹಿಂದೆಯೇ ಒಬ್ಬರು ಬಗ್ಗಿದರು. ಮಣ್ಣಿಗೆ ಅಂತ ಬಂದಿದ್ದವರೇ. ‘ಹೆಂಗೂ ತೆಗ್ದಿದ್ಯಲ್ಲ, ಒಂದು ಕಟ್ಟು ಬೀಡಿ ಕೊಡಪ್ಪ’ ಅಂದರು. ಇನ್ನೊಬ್ಬರು ನೀರಿನ ಬಾಟಲಿ ಕೇಳಿದರು. ಅಷ್ಟರಲ್ಲಿ ನಮ್ಮ ಬೀದಿಯ ಕೊನೆಯ ಮನೆಯವರು, ಎಷ್ಟೋ ವರ್ಷದ ಗಿರಾಕಿ, ಚೀಲ ಹಿಡಿದುಕೊಂಡೇ ಬಂದರು. ಅಪ್ಪನ ಕಾಲಿಗೆ ಕೈ ಮುಗಿದರು. ‘ಅಯ್ಯೋ, ಎಂಥ ಒಳ್ಳೇ ಮನುಷ್ಯ’ ಅಂದರು. ಆಮೇಲೆ ಎರಡು ಹೆಜ್ಜೆ ಈಚೆ ಬಂದು ಶಟರ್ ಕೆಳಗೆ ಬಗ್ಗಿ, ‘ಪುಟ್ಟ, ಒಂದು ಕೆಜಿ ಸಕ್ಕರೆ ಕಟ್ಟಿಬಿಡು, ಮನೇಲಿ ನೆಂಟ್ರು ಬಂದವ್ರೆ’ ಅಂದರು.

ತಮ್ಮ ಕಟ್ಟಿಕೊಟ್ಟ. ಇದನ್ನು ಬರೆಯುವಾಗ ನನ್ನ ಕೈ ನಡುಗುತ್ತಿದೆ. ಅವನಿಗೆ 26 ವರ್ಷ. ‘ಇಲ್ಲ’ ಅನ್ನುವುದು ಅವನಿಗೆ ಬರಲಿಲ್ಲ. ಅಂಗಡಿಯಲ್ಲಿ ಬೆಳೆದ ಮಕ್ಕಳಿಗೆ ‘ಇಲ್ಲ’ ಅನ್ನುವುದು ಕಲಿಸಿರುವುದಿಲ್ಲ. ಸಾಮಾನು ಖಾಲಿ ಆಗಿದ್ದರೂ ‘ಸಂಜೆ ಬರತ್ತೆ’ ಅನ್ನಬೇಕು ಅಂತ ಅಪ್ಪ ಹೇಳಿಕೊಟ್ಟಿದ್ದರು. ಒಂದು ಕೈಯಲ್ಲಿ ಕರ್ಪೂರದ ಪೊಟ್ಟಣ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಅವನು ಸಕ್ಕರೆ ತೂಕ ಹಾಕಿದ. ಅವರು ‘ಬರ್ಕೊಂಡಿರು’ ಅಂದು ಹೋದರು.

ಬರೆದುಕೊಳ್ಳಬೇಕಾದ ಅಪ್ಪ ಅಲ್ಲೇ ಆರು ಅಡಿ ದೂರದಲ್ಲಿ ಮಲಗಿದ್ದರು.

ಆಮೇಲಿನ ದಿನಗಳಲ್ಲಿ ಅಪ್ಪನ ಫೋನ್ ನನ್ನ ಹತ್ತಿರ ಇತ್ತು. ಆರ್ಡರ್ ಹೇಳುವವರೆಲ್ಲ ಅದಕ್ಕೇ ಮಾಡುತ್ತಾರೆ. ಹಳ್ಳಿಗಳ ಸಣ್ಣ ಅಂಗಡಿಯವರು, ಜೇನುಕಲ್ಲು ಸಿದ್ಧೇಶ್ವರ ಬೆಟ್ಟದ ಹುಣ್ಣಿಮೆಗೆ ಅಂಗಡಿ ಹಾಕುವವರು, ಮದುವೆ ಅಡುಗೆಯವರು, ಹಾಸ್ಟೆಲಿನವರು. ಎತ್ತಿದ ತಕ್ಷಣ ಆ ಕಡೆಯಿಂದ ‘ಅಣ್ಣ’ ಅನ್ನುತ್ತಿದ್ದರು. ‘ಅಣ್ಣ ಇಲ್ಲ, ನಾನು ಅವರ ಮಗಳು, ಅಪ್ಪ ತೀರಿಕೊಂಡರು’ ಅಂತ ನಾನು ಹೇಳಬೇಕಿತ್ತು. ದಿನಕ್ಕೆ ಇಪ್ಪತ್ತು ಸಲ, ಮೂವತ್ತು ಸಲ. ಹೇಳಿ ಹೇಳಿ ಆ ಮಾತು ನನ್ನ ಬಾಯಲ್ಲಿ ಸಾಮಾನಿನ ರೇಟು ಹೇಳಿದ ಹಾಗೆ ಬರಲು ಶುರುವಾಯಿತು. ಅದೇ ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು.

ಎಲ್ಲರೂ ‘ಅಯ್ಯೋ’ ಅಂದರು. ಒಬ್ಬರೂ ಅನ್ನದೆ ಇರಲಿಲ್ಲ. ನಮ್ಮ ಜನ ಅಷ್ಟು ಕಲ್ಲಲ್ಲ. ಆದರೆ ‘ಅಯ್ಯೋ’ ಅಂದಮೇಲೆ ಇನ್ನೊಂದು ಮಾತು ಬರುತ್ತದೆ ನೋಡಿ, ಆ ಎರಡನೇ ಮಾತಿನಲ್ಲಿ ಮನುಷ್ಯ ಗೊತ್ತಾಗುತ್ತಾನೆ. ಕೆಲವರು, ‘ಅಮ್ಮ ಹೇಗಿದ್ದಾರೆ?’ ಅಂದರು. ಕೆಲವರು ಏನೂ ಹೇಳಲಾಗದೆ ಫೋನ್ ಇಟ್ಟರು, ಸಂಜೆ ಮನೆಗೆ ಬಂದರು. ಇನ್ನು ಕೆಲವರು, ‘ಅಯ್ಯೋ, ಹೌದಾ... ಹಂಗಾದ್ರೆ ನಾಳೆ ತೆಗೀತೀರಾ?’ ಅಂದರು. ‘ನಾಡಿದ್ದಿಗೆ 25 ಕೆಜಿ ಅಕ್ಕಿ ಹೇಳಿದ್ದೆ, ಅದೇನಾಯ್ತು?’ ಅಂದರು. ಒಬ್ಬರು, ‘ಅಯ್ಯೋ ಪಾಪ, ನಮ್ಮ ಕಾರ್ಯಕ್ರಮದ ಟೈಮಲ್ಲೇ ಹಿಂಗಾಗ್ಬೇಕಿತ್ತಾ’ ಅಂದರು.

ಸಾಮಾನು ಬೇಕಾಗುವುದು ತಪ್ಪಲ್ಲ. ಕಾರ್ಯಕ್ರಮ ಇಟ್ಟುಕೊಂಡವರಿಗೆ ಅಕ್ಕಿ ಬೇಕೇ ಬೇಕು. ಆದರೆ ಅರಸೀಕೆರೆಯಲ್ಲಿ ದಿನಸಿ ಅಂಗಡಿ ನಮ್ಮದೊಂದೇ ಅಲ್ಲವಲ್ಲ. ನಮ್ಮ ಬೀದಿಯಲ್ಲೇ ಇನ್ನೆರಡಿದೆ. ಯಾರೂ ಉಪವಾಸ ಇರುತ್ತಿರಲಿಲ್ಲ. ನಮ್ಮಲ್ಲಿಗೇ ಬರಲು ಕಾರಣ, ನಮ್ಮಲ್ಲಿ ಬರೆಸಬಹುದಿತ್ತು. ಅಪ್ಪ ಬರೆದುಕೊಳ್ಳುತ್ತಿದ್ದರು. ಬೇರೆ ಅಂಗಡಿಗೆ ಹೋದರೆ ಕೈಯಿಂದ ದುಡ್ಡು ಬಿಚ್ಚಬೇಕು.

ಐದನೇ ದಿನ ಹಿತ್ತಲ ಬಾಗಿಲು ಬಡಿದ ಶಬ್ದ. ಹೋಗಿ ನೋಡಿದರೆ ಪರಿಚಯದ ಹೆಂಗಸು. ಎರಡು ದಿನದ ಹಿಂದೆ ಹಾಲು-ತುಪ್ಪದ ದಿನ ಅಮ್ಮನನ್ನು ಮಾತಾಡಿಸಲು ಬಂದಿದ್ದರು. ಸೂತಕದ ಮನೆ ಅಂತ ಅವತ್ತು ಒಂದು ಲೋಟ ನೀರೂ ಮುಟ್ಟಿರಲಿಲ್ಲ. ಅದು ಅವರ ಪದ್ಧತಿ, ನನ್ನ ತಕರಾರಿಲ್ಲ. ಆದರೆ ಈಗ ಅರ್ಧ ಕೆಜಿ ಉದ್ದಿನಬೇಳೆ ಬೇಕಿತ್ತು. ನಾನು ‘ಇಲ್ಲ ಅಕ್ಕ, 11 ದಿನ ಆಗೋವರೆಗೂ ಇಲ್ಲ’ ಅಂದೆ. ಅವರು ನನ್ನ ಭುಜದ ಮೇಲಿಂದ ಒಳಗೆ ನೋಡುತ್ತಾ, ‘ಅಕ್ಕಾ, ನೀವೇ ಬನ್ನಿ’ ಅಂತ ಅಮ್ಮನನ್ನೇ ಕರೆದರು. ಅಮ್ಮ ಎದ್ದು ಬಂದರು. ಕತ್ತಲಲ್ಲೇ ಅಂಗಡಿಗೆ ಹೋದರು. ಲೈಟ್ ಹಾಕಲಿಲ್ಲ. ಡಬ್ಬದ ಮುಚ್ಚಳ ತೆಗೆಯುವ ಶಬ್ದ, ತಕ್ಕಡಿಯ ಶಬ್ದ ಕೇಳಿಸಿತು. ಬೇಳೆ ಕಟ್ಟಿ ತಂದುಕೊಟ್ಟರು.

ಆ ಹೆಂಗಸು ಹೊರಡುವಾಗ ‘ಬರ್ತೀನಿ ಅಕ್ಕ’ ಅಂದರು. ಸಾವಿನ ಮನೆಯಿಂದ ಹೊರಡುವಾಗ ‘ಬರ್ತೀನಿ’ ಅನ್ನಬಾರದು ಅಂತ ನಮ್ಮೂರ ಮಕ್ಕಳಿಗೂ ಗೊತ್ತು. ಎರಡು ದಿನದ ಹಿಂದೆ ಮಾತಾಡಿಸಲು ಬಂದಾಗ ಅವರೂ ಅನ್ನದೆ ಸುಮ್ಮನೆ ಎದ್ದು ಹೋಗಿದ್ದರು. ಈಗ ಅವರ ಕಣ್ಣಿಗೆ ಅದು ಸಾವಿನ ಮನೆಯಾಗಿ ಕಾಣಲಿಲ್ಲ. ಅಂಗಡಿಯಾಗಿ ಕಂಡಿತು.

ನಾನು ಅಮ್ಮನ ಮೇಲೆ ರೇಗಿದೆ. ‘ಯಾಕಮ್ಮ ಕೊಟ್ಟೆ?’ ಅಂದೆ. ಅಮ್ಮ, ‘ಕೈ ಸುಮ್ನೆ ಇರಲ್ಲ ಕಣೆ. ತೂಕ ಹಾಕ್ತಾ ಇದ್ರೆ ಅಷ್ಟೊತ್ತು ಮರ್ತಿರತ್ತೆ’ ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಅಮ್ಮನಿಗೆ ಅದರಿಂದ ಸಮಾಧಾನ ಸಿಕ್ಕಿದ್ದರೆ ಸಿಗಲಿ. ಆದರೆ ಬಾಗಿಲು ಬಡಿದವರು ಅಮ್ಮನ ಸಮಾಧಾನಕ್ಕೆ ಅಂತ ಬಂದಿರಲಿಲ್ಲ. ಎರಡನ್ನೂ ಒಂದೇ ಮಾಡಲು ನನಗೆ ಆಗುವುದಿಲ್ಲ.

ನನ್ನ ಆಫೀಸಿನವರು ಐದು ದಿನ ರಜೆ ಕೊಟ್ಟರು. ಒಂದು ಮೇಲ್ ಹಾಕಿದೆ, ಅಷ್ಟೇ. ಆ ಐದು ದಿನ ಯಾರೂ ಒಂದು ಫೋನ್ ಮಾಡಲಿಲ್ಲ, ಕೆಲಸದ ಒಂದು ಮೆಸೇಜ್ ಬರಲಿಲ್ಲ. ನನ್ನ ಕೆಲಸವನ್ನು ಇನ್ನೊಬ್ಬರು ಹಂಚಿಕೊಂಡರು. ಅದೇ ಅಪ್ಪನ ಜೊತೆ 30 ವರ್ಷ ಗಲ್ಲಾ ಹಿಂದೆ ನಿಂತ ಅಮ್ಮನಿಗೆ ಐದು ದಿನ ಇರಲಿ, ಐದು ಗಂಟೆಯೂ ಸಿಗಲಿಲ್ಲ.

ಈ ದಿನಗಳಲ್ಲಿ ಮನೆಯವರಿಗೆ ಅಳುವುದೊಂದೇ ಕೆಲಸ ಅಂತ ಜನ ಅಂದುಕೊಂಡಿರಬಹುದು. ಹಾಗಲ್ಲ. 21 ದಿನದೊಳಗೆ ಮರಣ ನೋಂದಣಿ ಆಗಬೇಕು. ಅಂಗಡಿಯ ಕಾಗದವೆಲ್ಲ ಅಪ್ಪನ ಹೆಸರಲ್ಲೇ ಇದೆ. ಆಹಾರ ಸಾಮಾನು ಮಾರುವುದಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಇರುತ್ತದಲ್ಲ, ಅದರ ಯಜಮಾನ ತೀರಿಕೊಂಡರೆ 90 ದಿನ ಮನೆಯವರ ಪಾಲಿಗೆ ಅದು ನಡೆಯುತ್ತದೆ. ಅಷ್ಟರೊಳಗೆ ಹೆಸರು ಬದಲಾಯಿಸಲು ಅರ್ಜಿ ಹಾಕಬೇಕು. ನಗರಸಭೆಯ ಲೈಸೆನ್ಸ್, ಕರೆಂಟ್ ಬಿಲ್ಲು, ಹೋಲ್‌ಸೇಲ್‌ನವರ ಬಾಕಿ, ಎಲ್ಲಕ್ಕೂ ಓಡಾಡಬೇಕು. ಗೋಡೆಯ ಮೇಲಿನ ಕ್ಯೂಆರ್ ಅಪ್ಪನ ಉಳಿತಾಯ ಖಾತೆಗೆ ಹೋಗುತ್ತದೆ. ಆ ಖಾತೆಗೆ ಅಪ್ಪ ಯಾರನ್ನೂ ನಾಮಿನಿ ಮಾಡಿರಲಿಲ್ಲ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಬರೆಸಬಹುದು. ಅಪ್ಪ ಒಬ್ಬರನ್ನೂ ಬರೆಸಲಿಲ್ಲ. ‘ಸ್ಕ್ಯಾನ್ ಮಾಡಿದ್ದೀನಮ್ಮ, ಸಾಮಾನು ಕೊಟ್ಟುಬಿಡು’ ಅಂತ ಶಟರ್ ಬಡಿದವರ ದುಡ್ಡೆಲ್ಲ ಹೋಗಿ ಬಿದ್ದಿದ್ದು ನಾವು ಕೈ ಹಾಕಲಾಗದ ಖಾತೆಗೆ. (ಅಂಗಡಿ ಇಟ್ಟಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ನಾಳೆಯೇ ಬ್ಯಾಂಕಿಗೆ ಹೋಗಿ ನಾಮಿನಿ ಬರೆಸಿಬಿಡಿ. ಬೇಡಿಕೊಳ್ಳುತ್ತೇನೆ.)

ಇನ್ನು ಸಾಲದ ಪುಸ್ತಕ. ಅದನ್ನು ತೆರೆಯುವುದೇ ಬೇಡ ಅಂದಿದ್ದೆ. ತಮ್ಮ ತೆರೆದ. ಅಪ್ಪನ ಕೈಬರಹ. ಹೆಸರು ಬರೆಯುತ್ತಿರಲಿಲ್ಲ ಅವರು. ‘ಮೂಲೆಮನೆ’, ‘ಲೈನ್‌ಮನ್’, ‘ಮೇಷ್ಟ್ರ ಸೊಸೆ’ ಅಂತ ಬರೆಯುತ್ತಿದ್ದರು. ಅರ್ಧ ಯಾರು ಅಂತ ನಮಗೆ ಗೊತ್ತಾಗುವುದಿಲ್ಲ. ಗೊತ್ತಾದವರಲ್ಲಿ ನಾಲ್ಕೈದು ಜನ, ನಾವು ಕೇಳದೆ ಇದ್ದರೂ, ‘ಅದು ನಿಮ್ಮಪ್ಪಂಗೆ ಕೊಟ್ಟಿದ್ದೆ, ಅವ್ರು ಹೊಡೆದುಹಾಕೋದು ಮರೆತಿರ್ಬೇಕು’ ಅಂತ ಹೇಳಿಕೊಂಡೇ ಬಂದರು. ಅಪ್ಪ ಮರೆಯುವವರಲ್ಲ. ಎರಡು ರೂಪಾಯಿ ಚಿಲ್ಲರೆ ಇಲ್ಲದಿದ್ದರೂ ಅದನ್ನು ಬರೆದಿಟ್ಟು ಮಾರನೇ ದಿನ ಕೊಡುತ್ತಿದ್ದ ಮನುಷ್ಯ. ದುಡ್ಡು ಹೋದರೆ ಹೋಯಿತು. ಆದರೆ ಉತ್ತರ ಕೊಡಲು ಅವರು ಇಲ್ಲದ ಹೊತ್ತಿನಲ್ಲಿ ಅವರ ಮೇಲೆ ಮರೆವನ್ನು ಹೊರಿಸಬಾರದಿತ್ತು.

2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡಾಗ ನಾನು ಶಾಲೆಯಲ್ಲಿದ್ದೆ. ಸುದ್ದಿ ಬಂದ ತಕ್ಷಣ ಅಪ್ಪ ಶಟರ್ ಎಳೆದರು. ಇಡೀ ಬೀದಿ ಎಳೆಯಿತು. ಮಾರನೇ ದಿನವೂ ತೆಗೆಯಲಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗಲೂ ಹಾಗೇ ಆಯಿತು. ಅಪ್ಪ ಅಂಗಡಿ ಮುಂದೆ ಅಪ್ಪು ಫೋಟೋ ಇಟ್ಟು ದೀಪ ಹಚ್ಚಿದರು. ಅವತ್ತು ಯಾರೂ ಬಂದು ಶಟರ್ ಬಡಿಯಲಿಲ್ಲ. ಹಾಲು ಇಲ್ಲದೆ, ಬೀಡಿ ಇಲ್ಲದೆ, ಸಕ್ಕರೆ ಇಲ್ಲದೆ ಇಡೀ ಬೀದಿ ಇತ್ತು. ಯಾರೂ ದೂರಲಿಲ್ಲ. ಅಂದರೆ ನಮ್ಮ ಜನಕ್ಕೆ ಇದು ಬರುತ್ತದೆ. ಮುಚ್ಚಿದ ಶಟರ್ ಮುಂದೆ ಸುಮ್ಮನೆ ನಿಲ್ಲುವುದು ಬರುತ್ತದೆ. ಆವತ್ತು ಬಂದಿದ್ದು ಈಗ ಯಾಕೆ ಬರಲಿಲ್ಲ ಅಂತ ನಾನು ಈ 16 ದಿನದಿಂದ ಯೋಚಿಸುತ್ತಿದ್ದೇನೆ. ನನಗೆ ಹೊಳೆದಿದ್ದು ಇಷ್ಟು. ರಾಜ್‌ಕುಮಾರ್, ಪುನೀತ್ ತಮ್ಮವರು ಅಂತ ಎಲ್ಲರಿಗೂ ಅನ್ನಿಸಿತ್ತು. ದಿನಾ ಬೆಳಿಗ್ಗೆ ಹಾಲು ಎತ್ತಿಕೊಡುವ ಮನುಷ್ಯ ಮಾತ್ರ ಬರೀ ಒಂದು ಸೌಕರ್ಯ ಆಗಿಬಿಟ್ಟಿದ್ದರು. ನಲ್ಲಿ ನೀರು ಬಂದ ಹಾಗೆ, ಕರೆಂಟ್ ಬಂದ ಹಾಗೆ.

2021ರ ಏಪ್ರಿಲ್ ಕೊನೆಯಲ್ಲಿ ಎರಡನೇ ಅಲೆಯ ಲಾಕ್‌ಡೌನ್ ಬಂದಾಗ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ದಿನಸಿ ಅಂಗಡಿ ತೆಗೆಯಬಹುದಿತ್ತು. ಆ ನಾಲ್ಕು ಗಂಟೆಯಲ್ಲಿ ನೂರು ಜನ ಮುಗಿಬೀಳುತ್ತಿದ್ದರು. ಅಪ್ಪನಿಗೆ ಸಕ್ಕರೆ ಕಾಯಿಲೆ. ಬೇಡ ಅಂತ ಫೋನಿನಲ್ಲಿ ಅತ್ತಿದ್ದೆ ನಾನು. ‘ಜನ ಎಲ್ಲಿಗೋಗ್ತಾರೆ ಮಗ’ ಅಂದಿದ್ದರು. ಕೆಲಸ ಕಳೆದುಕೊಂಡವರಿಗೆ ಆ ಎರಡು ತಿಂಗಳು ಬರೆದು ಬರೆದು ಕೊಟ್ಟರು. ಪುಸ್ತಕದಲ್ಲಿ ಆ ಪುಟಗಳು ಹಾಗೇ ಇವೆ. ಎಷ್ಟೋ ಲೆಕ್ಕಗಳನ್ನು ಅಪ್ಪನೇ ಹೊಡೆದುಹಾಕಿದ್ದಾರೆ, ಪಕ್ಕದಲ್ಲಿ ‘ಆಯ್ತು’ ಅಂತ ಬರೆದು. ದುಡ್ಡು ಬಂದು ಹೊಡೆದಿದ್ದಲ್ಲ, ಬಿಟ್ಟು ಹೊಡೆದಿದ್ದು ಅಂತ ಅಮ್ಮ ಈಗ ಹೇಳಿದರು.

ಒಳ್ಳೆಯವರ ಬಗ್ಗೆಯೂ ಹೇಳದಿದ್ದರೆ ಪಾಪ ಬರುತ್ತದೆ. ನಮ್ಮಿಂದ ಎರಡು ಅಂಗಡಿ ಆಚೆ ಇನ್ನೊಂದು ದಿನಸಿ ಅಂಗಡಿ ಇದೆ. ಅವರಿಗೂ ಅಪ್ಪನಿಗೂ ರೇಟಿನ ವಿಷಯಕ್ಕೆ ಎಷ್ಟೋ ವರ್ಷ ಮಾತೇ ಇರಲಿಲ್ಲ. ಅವತ್ತು ಬೆಳಿಗ್ಗೆ ಅವರು ಬಂದು ನಮ್ಮ ಹಾಲಿನ ಕ್ರೇಟ್‌ಗಳನ್ನು ಎತ್ತಿಕೊಂಡು ಹೋದರು. ಮಣ್ಣಿಗೆ ಹೋಗುವಾಗ ಅರ್ಧ ದಿನ ತಮ್ಮ ಅಂಗಡಿಯನ್ನೂ ಮುಚ್ಚಿದರು. ಸಂಜೆ ತಮ್ಮನ ಕೈಗೆ ಒಂದು ಕವರ್ ಕೊಟ್ಟರು. ಅಷ್ಟೂ ಹಾಲು ಮಾರಿದ ದುಡ್ಡು, ಒಂದು ಚೀಟಿಯಲ್ಲಿ ಲೆಕ್ಕ. ನಾಳೆಯಿಂದ ಹಾಲು ಬೇಡ ಅಂತ ಏಜೆನ್ಸಿಗೂ ಅವರೇ ಫೋನ್ ಮಾಡಿದ್ದರು. 11 ದಿನವೂ, ಶಟರ್ ಮುಂದೆ ಬಂದು ನಿಂತವರನ್ನು ಕೂಗಿ ಕರೆದು ತಮ್ಮಲ್ಲಿ ಸಾಮಾನು ಕೊಟ್ಟರು. ‘ಅಣ್ಣನ ಗಿರಾಕಿಗಳ ಪಟ್ಟಿ ಬೇರೆ ಬರ್ಕೊಂಡಿದ್ದೀನಿ, ನೀವು ತೆಗೆದ್ಮೇಲೆ ಕಳಿಸ್ತೀನಿ’ ಅಂದರು. ಹೋಟೆಲಿನವರು ಮೂರು ದಿನ ಇಡ್ಲಿ ಕಳಿಸಿದರು. ಸೂತಕದ ಮನೆಯಲ್ಲಿ ಒಲೆ ಹಚ್ಚಬಾರದು ಅಂತ ಎದುರು ಮನೆಯವರು ಅನ್ನ, ಸಾರು ತಂದಿಟ್ಟರು. ರೈಲ್ವೆಯ ಒಬ್ಬ ಹುಡುಗ, ರಾತ್ರಿ ಡ್ಯೂಟಿಗೆ ಹೋಗುವಾಗ ದಿನಾ ಬಿಸ್ಕತ್ತು ತೆಗೆದುಕೊಳ್ಳುತ್ತಿದ್ದವನು, ಬೋರ್ಡ್ ಓದಿ ಚಪ್ಪಲಿ ಬಿಟ್ಟು ಶಟರ್‌ಗೆ ಕೈ ಮುಗಿದು ಹೋದ. ನಾನು ಕಿಟಕಿಯಿಂದ ನೋಡಿದೆ.

ಒಬ್ಬ ತಾಯಿ ರಾತ್ರಿ ಒಂಬತ್ತಕ್ಕೆ ಬಂದು, ಮಗುವಿಗೆ ಹಾಲಿಲ್ಲ, ಎಲ್ಲ ಕಡೆ ಮುಚ್ಚಿದೆ ಅಂತ ಅಳುಮುಖ ಮಾಡಿಕೊಂಡು ನಿಂತಿದ್ದರು. ನಮ್ಮ ಫ್ರಿಜ್‌ನಲ್ಲಿದ್ದುದನ್ನು ನಾನೇ ಕೊಟ್ಟೆ. ಅದನ್ನು ಯಾರಾದರೂ ತಪ್ಪು ಅಂತಾರಾ? ಆಕೆ ಮೊದಲು ಮನೆಯ ಕಡೆ ನೋಡಿದರು, ಆಮೇಲೆ ಕೇಳಿದರು. ಕೇಳುವಾಗ ದನಿ ಇಳಿದಿತ್ತು. ನಾನು ಹೇಳುತ್ತಿರುವುದು ಅಷ್ಟೇ.

ನನ್ನದೂ ಒಂದು ತಪ್ಪಿದೆ. ಬೆಂಗಳೂರಿನಲ್ಲಿ ನಮ್ಮ ಮನೆ ಹತ್ತಿರ ಕುಂದಾಪುರ ಕಡೆಯವರ ಒಂದು ಕಾಂಡಿಮೆಂಟ್ಸ್ ಅಂಗಡಿ ಇದೆ. ಎರಡು ವರ್ಷದ ಹಿಂದೆ ಹತ್ತು ದಿನ ಮುಚ್ಚಿತ್ತು. ತೆಗೆದ ದಿನ ಹೋಗಿ, ‘ಏನ್ರೀ, ಹೇಳದೆ ಕೇಳದೆ ಮುಚ್ಚಿಬಿಟ್ಟಿದ್ರಿ’ ಅಂದಿದ್ದೆ. ಅವರು ‘ಊರಲ್ಲಿ ಅಮ್ಮ ಹೋದ್ರು’ ಅಂದರು. ನಾನು ‘ಅಯ್ಯೋ’ ಅಂದೆ. ಆಮೇಲೆ ಏನಂದೆ ಅಂತ ನೆನಪಾಗುತ್ತಿಲ್ಲ. ಬಹುಶಃ ಬ್ರೆಡ್ ಕೇಳಿದ್ದೆ. ವಾಪಸ್ ಹೋದಮೇಲೆ ಅವರ ಹತ್ತಿರ ಹೋಗಿ ಅವರ ಅಮ್ಮನ ಬಗ್ಗೆ ಕೇಳಬೇಕು.

ನಮ್ಮ ಅಂಗಡಿ ಬರುವ ಸೋಮವಾರ ತೆಗೆಯುತ್ತೇವೆ. ಅಮ್ಮ, ತಮ್ಮ ಇಬ್ಬರೂ ಇರುತ್ತಾರೆ. ಬೆಳಿಗ್ಗೆ 7ರಿಂದ 1, ಸಂಜೆ 4ರಿಂದ 8. ಮಧ್ಯಾಹ್ನ ಶಟರ್ ಎಳೆದಿರುತ್ತದೆ, ಅಮ್ಮ ಊಟ ಮಾಡಿ ಸ್ವಲ್ಪ ಹೊತ್ತು ಮಲಗುತ್ತಾರೆ. ಹಿತ್ತಲ ಬಾಗಿಲಿಗೆ ಬರಬೇಡಿ. ಹೊಸ ಕ್ಯೂಆರ್ ತಮ್ಮನ ಹೆಸರಲ್ಲಿ ಬಂದಿದೆ, ಹಳೆಯದನ್ನು ಗೋಡೆಯಿಂದ ತೆಗೆದಿದ್ದೇವೆ. ಆರ್ಡರ್ ಹೇಳುವವರು ತಮ್ಮನ ನಂಬರ್‌ಗೆ ಮಾಡಿ, ಶಟರ್ ಮೇಲೆ ಬರೆದಿದ್ದೇವೆ. ಅಪ್ಪನ ನಂಬರ್‌ಗೆ ಮಾಡಬೇಡಿ. ಆ ಫೋನ್ ಈಗ ಅಮ್ಮನ ತಲೆದಿಂಬಿನ ಪಕ್ಕ ಇರುತ್ತದೆ. ಅದು ರಿಂಗ್ ಆದರೆ ಅವರು ಎದ್ದು ಕೂರುತ್ತಾರೆ.